ಒಂಟಿ ಮಗುವಿನ ಜೊತೆ ಒಂದು ಊರು

ಜಪಾನಿಗೆ ಒಬ್ಬರೇ ಹೋಗಿಬಂದವರನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಭಾಷೆ ಬಾರದ ಊರಿನಲ್ಲಿ ಭಯವಾಗಲಿಲ್ಲವೆ?" ಆರು ವರ್ಷದ ಮಕ್ಕಳು ತಾವಾಗಿಯೇ ಶಾಲೆಗೆ ನಡೆದುಹೋಗುವ ಬೀದಿಯಲ್ಲಿ ನನಗೇಕೆ ಭಯ ಎಂದು ನಾನು ಉತ್ತರ ಕೊಡುತ್ತೇನೆ.

ಇದು ಉತ್ಪ್ರೇಕ್ಷೆಯಲ್ಲ. ಕ್ಯೋಟೋ ಆಗಲಿ ಟೋಕಿಯೋ ಆಗಲಿ, ಬೆಳಿಗ್ಗೆ ಎಂಟರ ಹೊತ್ತಿಗೆ ಮನೆಗಳಿರುವ ಬೀದಿಯೊಂದರಲ್ಲಿ ನಿಂತು ನೋಡಿ. ಬೆನ್ನ ಮೇಲೆ ಪೆಟ್ಟಿಗೆಯಂಥ ಗಟ್ಟಿ ಚೀಲ ಹೊತ್ತು ಪುಟಾಣಿಗಳು ಹೊರಟಿರುತ್ತಾರೆ. ಆ ಚೀಲಕ್ಕೆ ರಾಂದೊಸೆರು ಎಂದು ಹೆಸರು. ಒಂದನೇ ತರಗತಿಗೆ ಕೊಂಡದ್ದು ಆರನೇ ತರಗತಿ ಮುಗಿಯುವವರೆಗೂ ಬಾಳಬೇಕು. ಹೊಸದಾಗಿ ಶಾಲೆಗೆ ಸೇರಿದವರ ಚೀಲಕ್ಕೆ ಹಳದಿ ಹೊದಿಕೆ. ಅನೇಕ ಕಡೆ ತಲೆಗೆ ಹಳದಿ ಟೋಪಿಯೂ ಉಂಟು. ಅಪ್ಪ ಅಮ್ಮ ಮಾತ್ರ ಜೊತೆಗಿರುವುದಿಲ್ಲ.

"ಶಿಸ್ತು ಅವರ ರಕ್ತದಲ್ಲೇ ಇದೆ ಬಿಡಿ" ಎಂದು ನಮ್ಮಲ್ಲಿ ಹಲವರು ಹೇಳುತ್ತಾರೆ. ಹಾಗೆಂದುಬಿಟ್ಟರೆ ನಾವು ಮಾಡಬೇಕಾದ ಕೆಲಸವೇನೂ ಉಳಿಯುವುದಿಲ್ಲ! ಆದರೆ ನಾಲ್ಕು ದಿನ ಅದೇ ಬೀದಿಯಲ್ಲಿ ಓಡಾಡಿದರೆ, ಆ ಮಗು ನಿಜಕ್ಕೂ ಒಂಟಿಯಲ್ಲ ಎಂಬುದು ಕಾಣತೊಡಗುತ್ತದೆ.

ಸರಕಾರಿ ಪ್ರಾಥಮಿಕ ಶಾಲೆಗೆ ಮಕ್ಕಳನ್ನು ಸೇರಿಸಿಕೊಳ್ಳುವುದು ಸಾಮಾನ್ಯವಾಗಿ ಮನೆಯ ವಿಳಾಸ ನೋಡಿ. ಹೀಗಾಗಿ ನಗರಗಳಲ್ಲಿ ಶಾಲೆ ನಡೆದು ತಲುಪುವಷ್ಟು ಹತ್ತಿರದಲ್ಲಿರುತ್ತದೆ. ಯಾವ ದಾರಿಯಲ್ಲಿ ಹೋಗಬೇಕೆಂಬುದೂ ಮೊದಲೇ ನಿಗದಿ. ಕೆಲವು ಊರುಗಳಲ್ಲಿ ದೊಡ್ಡ ತರಗತಿಯವರು ಚಿಕ್ಕವರನ್ನು ಗುಂಪಾಗಿ ಕರೆದೊಯ್ಯುತ್ತಾರೆ. ರಸ್ತೆ ದಾಟುವ ಕಡೆ ಬಾವುಟ ಹಿಡಿದ ಹಿರಿಯರೋ, ಸರದಿಯ ಮೇಲೆ ಬಂದ ಪೋಷಕರೋ ನಿಂತಿರುತ್ತಾರೆ. ದಾರಿಯುದ್ದಕ್ಕೂ ಕೆಲವು ಅಂಗಡಿ, ಮನೆಗಳ ಮುಂದೆ "ಮಕ್ಕಳ 110" ಎಂಬ ಫಲಕ. 110 ಎಂದರೆ ಅಲ್ಲಿ ಪೊಲೀಸರನ್ನು ಕರೆಯುವ ಸಂಖ್ಯೆ. ಹೆದರಿದ ಮಗು ಆ ಬಾಗಿಲೊಳಗೆ ಓಡಿಹೋಗಬಹುದು.

ಇನ್ನು ಬೀದಿಯ ವಿಷಯ. ಕಾರು ಇಟ್ಟುಕೊಳ್ಳುವವರಿಗೆ ಅದನ್ನು ನಿಲ್ಲಿಸಲು ರಸ್ತೆಯಿಂದಾಚೆ ಜಾಗವಿರಲೇಬೇಕೆಂದು 1962ರಲ್ಲೇ ಕಾನೂನಾಯಿತು. ಆದ್ದರಿಂದ ಇಕ್ಕಟ್ಟಾದ ಗಲ್ಲಿಗಳಲ್ಲೂ ನಿಂತ ಕಾರುಗಳ ಸಾಲು ಕಾಣುವುದು ಅಪರೂಪ. ಚಾಲಕನಿಗೆ ಮಗು ಕಾಣಿಸುತ್ತದೆ, ಮಗುವಿಗೆ ವಾಹನ ಕಾಣಿಸುತ್ತದೆ. ಸಂಜೆಯಾದರೆ ಅನೇಕ ಊರುಗಳಲ್ಲಿ ಕಂಬದ ಮೇಲಿನ ಧ್ವನಿವರ್ಧಕಗಳಿಂದ ಒಂದು ಮೆಲುವಾದ ರಾಗ ಕೇಳಿಬರುತ್ತದೆ. ಭೂಕಂಪ, ಸುನಾಮಿಯ ಎಚ್ಚರಿಕೆ ಕೊಡುವ ಯಂತ್ರಗಳು ಸರಿಯಾಗಿವೆಯೇ ಎಂಬ ಪರೀಕ್ಷೆ ಅದು. ಮಕ್ಕಳಿಗೆ ಮಾತ್ರ ಅದು "ಆಟ ಸಾಕು, ಮನೆಗೆ ನಡೆಯಿರಿ" ಎಂಬ ಕರೆ.

ಈ ಏರ್ಪಾಟೇ ಒಂಟಿ ಪ್ರವಾಸಿಯನ್ನೂ ಕಾಯುತ್ತದೆ. ದಾರಿ ತಿಳಿಯದಿದ್ದರೆ ಕೋಬಾನ್ ಎಂಬ ಪುಟ್ಟ ಪೊಲೀಸ್ ಚೌಕಿ ಇದೆ. ಒಳಗೆ ಬಡಾವಣೆಯ ನಕ್ಷೆ ಸಿದ್ಧವಾಗಿರುತ್ತದೆ. ಸಿಕ್ಕ ಹಣದ ಚೀಲವನ್ನು ಜನ ಅಲ್ಲಿಗೇ ತಂದುಕೊಡುತ್ತಾರೆ. ಇದರ ಹಿಂದೆ ಒಳ್ಳೆಯತನದ ಜೊತೆಗೆ ಕಾನೂನೂ ಇದೆ: ವಾರಸುದಾರ ಸಿಕ್ಕರೆ ತಂದುಕೊಟ್ಟವರು ಶೇಕಡಾ 5ರಿಂದ 20ರವರೆಗೆ ಬಹುಮಾನ ಕೇಳಬಹುದು, ಮೂರು ತಿಂಗಳಾದರೂ ಯಾರೂ ಬಾರದಿದ್ದರೆ ಸಾಮಾನ್ಯವಾಗಿ ಅದು ಅವರಿಗೇ ಸೇರುತ್ತದೆ.

ಶಾಲೆಯೊಳಗೂ ಇದೇ ಪಾಠ. ತರಗತಿ, ಕಾರಿಡಾರುಗಳನ್ನು ಗುಡಿಸಿ ಒರೆಸುವುದು ಮಕ್ಕಳ ನಿತ್ಯದ ಕೆಲಸ. ಮಧ್ಯಾಹ್ನ ಸರದಿಯವರು ಬಿಳಿ ನಿಲುವಂಗಿ, ಟೋಪಿ ತೊಟ್ಟು ಗೆಳೆಯರಿಗೆ ಊಟ ಬಡಿಸುತ್ತಾರೆ. ಶಾಲೆಯ ಊಟಕ್ಕೆಂದೇ 1954ರಲ್ಲಿ ಅಲ್ಲಿ ಕಾನೂನು ಬಂತು. ಯಾರ ಮಗ, ಯಾರ ಮಗಳು ಎಂಬ ಭೇದವಿಲ್ಲದೆ ಎಲ್ಲರ ಕೈಗೂ ಒರೆಸುವ ಬಟ್ಟೆ ಬರುತ್ತದೆ.

ಹಾಗೆಂದು ಅಲ್ಲಿನ ಬಾಲ್ಯ ಸ್ವರ್ಗವೆಂದು ತಿಳಿಯಬೇಡಿ. ಎಲ್ಲರಂತೆ ಇರಲೇಬೇಕೆಂಬ ಒತ್ತಡ, ಸಹಪಾಠಿಗಳ ಕಿರುಕುಳ, ಸಂಜೆಯ ಟ್ಯೂಷನ್ ಅಲ್ಲೂ ಇವೆ. 2023ನೇ ಶೈಕ್ಷಣಿಕ ವರ್ಷದಲ್ಲಿ ಪ್ರಾಥಮಿಕ ಮತ್ತು ಕಿರಿಯ ಪ್ರೌಢಶಾಲೆಗಳಲ್ಲಿ ಶಾಲೆಯಿಂದ ದೀರ್ಘಕಾಲ ದೂರ ಉಳಿದವರೆಂದು ಸರಕಾರವೇ ಲೆಕ್ಕ ಹಾಕಿದ ಮಕ್ಕಳು 3 ಲಕ್ಷ 46 ಸಾವಿರಕ್ಕೂ ಹೆಚ್ಚು. ಶಾಲೆಯ ದಾರಿ ಸುರಕ್ಷಿತವಾದ ಮಾತ್ರಕ್ಕೆ ಶಾಲೆ ಎಲ್ಲ ಮಕ್ಕಳಿಗೂ ಹಿತವಾಗುವುದಿಲ್ಲ. ಅದು ಬೇರೆಯೇ ಕೆಲಸ, ಅವರಿಗೂ ಬಾಕಿ ಇದೆ.

ಆದರೂ ದಾರಿಯ ಪಾಠವನ್ನು ನಾವು ಕಲಿಯಬಹುದು. "ನಮ್ಮ ಮಗುವಿಗೆ ಧೈರ್ಯವೇ ಇಲ್ಲ" ಎನ್ನುವ ತಂದೆ ತಾಯಂದಿರು ಒಮ್ಮೆ ಮನೆಯಿಂದ ಶಾಲೆಯವರೆಗೆ ಮಗುವಿನ ಜೊತೆ ನಡೆದು ನೋಡಲಿ. ಎಲ್ಲಿ ರಸ್ತೆ ದಾಟುವುದು ಕಷ್ಟ, ಎಲ್ಲಿ ನಿಂತ ವಾಹನಗಳು ದಾರಿ ಮುಚ್ಚಿವೆ, ಯಾವ ಅಂಗಡಿಯವರಿಗೆ ಮಗುವಿನ ಗುರುತಿದೆ ಎಂದು ಬರೆದಿಟ್ಟುಕೊಳ್ಳಲಿ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿದರೆ ಸರದಿಯ ಮೇಲೆ ಒಬ್ಬರು ರಸ್ತೆ ದಾಟಿಸಬಹುದು. ದೊಡ್ಡ ತರಗತಿಯ ವಿದ್ಯಾರ್ಥಿಗಳೇ, ನಿಮ್ಮ ಬೀದಿಯ ಚಿಕ್ಕವರನ್ನು ಜೊತೆಗೆ ಕರೆದುಕೊಂಡು ಹೋಗಿ. ಇದಕ್ಕೆ ಜಪಾನಿಗೆ ಹೋಗಬೇಕಾಗಿಲ್ಲ, ಸರಕಾರದ ಆದೇಶವೂ ಬೇಕಾಗಿಲ್ಲ. ಸೋಮವಾರದಿಂದಲೇ ಶುರು ಮಾಡಬಹುದು.