ಮೀನಖಂಡ ಹಿಡ್ಕೊಂಡ್ರೆ ಆಟಾನೇ ಬಿಡಿಸ್ಬೇಕಾ?

ಹೋದ ಭಾನುವಾರ ರಾತ್ರಿ ಎರಡು ಗಂಟೆ ಇರ್ಬೇಕು. ಪಕ್ಕದ ರೂಮಿಂದ "ಅತ್ತೇ..." ಅಂತ ಕೂಗು ಕೇಳಿಸ್ತು. ಓಡಿ ಹೋಗಿ ಲೈಟ್ ಹಾಕಿದ್ರೆ, ನಮ್ಮ ನಾದಿನಿ ಮಗಳು ಕಾಲು ಹಿಡ್ಕೊಂಡು ಅಳ್ತಾ ಇದ್ದಾಳೆ. ಮುಟ್ಟಿ ನೋಡಿದೆ, ಮೀನಖಂಡ ಕಲ್ಲಿನ ಹಾಗೆ ಗಂಟು ಕಟ್ಟಿತ್ತು. ಮಂಡಿ ನೇರ ಮಾಡಿಸಿ, ಪಾದದ ಬೆರಳುಗಳನ್ನ ಅವಳ ಮುಖದ ಕಡೆಗೆ ಮೆಲ್ಲಗೆ ಬಾಗಿಸಿ ಹಿಡ್ಕೊಂಡೆ. ಒಂದು ನಿಮಿಷಕ್ಕೆ ಗಂಟು ಸಡಿಲ ಆಯ್ತು. ಆಮೇಲೆ ಕೈಯಲ್ಲಿ ಮೃದುವಾಗಿ ನೀವಿ, ಒಂದು ಲೋಟ ನೀರು ಕುಡಿಸಿ ಮಲಗಿಸ್ದೆ.

ಹುಡುಗಿಗೆ ಹದಿನೈದು ವರ್ಷ. ಮನೆ ಕೆ.ಆರ್. ಪುರಂ. ರಜೆ ಅಂತ ಹಲಸೂರಲ್ಲಿ ನಮ್ಮನೇಲಿದ್ದು ಫುಟ್‌ಬಾಲ್ ಕ್ಯಾಂಪ್‌ಗೆ ಹೋಗ್ತಾಳೆ. ಬೆಳಿಗ್ಗೆ ಅವರಮ್ಮನಿಗೆ ಫೋನ್ ಮಾಡಿ ಹೇಳಿದ್ದೇ ತಪ್ಪಾಯ್ತು. "ಸಾಕು ಅತ್ತಿಗೆ, ನಿಲ್ಲಿಸ್ಬಿಡ್ತೀನಿ. ನಾಳೆ ಕಾಲು ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ನೋಡ್ತಾರೆ?" ಅಂದ್ರು.

ಇದನ್ನ ಕೇಳಿ ನನಗೆ ನಿದ್ದೆ ಬಂದಿಲ್ಲ. ಯಾಕಂದ್ರೆ ನಾನೂ ಹೈಸ್ಕೂಲಲ್ಲಿ ಖೋಖೋ ಆಡ್ತಿದ್ದೆ. ಒಂದು ದಿನ ಕುಂಟ್ಕೊಂಡು ಮನೆಗೆ ಬಂದೆ. ಅಮ್ಮ ಬಿಸಿನೀರು ಕಾಯ್ಸಿ ಕಾಲಿಗೆ ಹಾಕಿದ್ರು, ಮಾರನೇ ದಿನ ಆಟ ಬಿಡಿಸಿದ್ರು. ನೋವು ಮೂರು ದಿನಕ್ಕೆ ಹೋಯ್ತು. ಆಟ ಮಾತ್ರ ವಾಪಸ್ ಬರ್ಲಿಲ್ಲ. ನಮ್ಮಣ್ಣನೂ ಕುಂಟ್ಕೊಂಡು ಬರ್ತಿದ್ದ, ಅವನಿಗೆ ಯಾರೂ ಬಿಡು ಅನ್ನಲಿಲ್ಲ.

ಫುಟ್‌ಬಾಲ್ ನಮ್ಮ ಕಡೆಯವರಿಗೆ ಹೊಸದೇನಲ್ಲ. ಗೌತಮಪುರದಲ್ಲಿ ಪೆಲೆ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಹೆಚ್ಚಿನವರು ಬರಿಗಾಲಲ್ಲೇ ಫ್ರಾನ್ಸ್ ಮೇಲೆ ಆಡಿ 2–1ರಲ್ಲಿ ಸೋತ್ರು. ಆ ಒಂದು ಗೋಲು ಹೊಡೆದಿದ್ದು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಅವರ ಕಾಲೂ ನೋಯ್ದೇ ಇರುತ್ತಾ? ಗಂಡುಮಕ್ಕಳ ನೋವಿಗೆ ಔಷಧಿ ಹುಡುಕ್ತೀವಿ, ಹೆಣ್ಣುಮಕ್ಕಳ ನೋವಿಗೆ ನೆಪ ಹುಡುಕ್ತೀವಿ. ಇದು ನನ್ನ ಅನಿಸಿಕೆ, ಬೇಜಾರು ಮಾಡ್ಕೋಬೇಡಿ.

ಹಾಗಂತ ನೋವನ್ನ ಲೆಕ್ಕಕ್ಕೆ ಇಡಬೇಡಿ ಅಂತಲ್ಲ. ಯಾವ ನೋವು ಅಂತ ಮೊದಲು ಗೊತ್ತಾಗ್ಬೇಕು. ನಮ್ಮ ಎದುರುಮನೆ ತಮಿಳು ಅಜ್ಜಿ ಈ ಜಾಗಕ್ಕೆ ಕೆಂಡೈಕಾಲು ಅಂತಾರೆ. ಕೆಂಡೈ ಅಂದ್ರೆ ಒಂದು ಜಾತಿ ಮೀನಂತೆ. ನಮ್ಮದೂ ಮೀನಖಂಡ. ಮೀನಿನ ಹಾಗೇ, ಸುಮ್ಮನಿದ್ದಿದ್ದು ಇದ್ದಕ್ಕಿದ್ದಂಗೆ ಒದ್ದಾಡುತ್ತೆ. ಹಾಗೆ ದಿಢೀರ್ ಅಂತ ಹಿಡ್ಕೊಂಡು ನಿಮಿಷಗಳಲ್ಲಿ ಬಿಡೋದು ಸೆಳೆತ. ಸ್ನಾಯು ದಣಿದಾಗ, ಸೆಕೆಯಲ್ಲಿ ಬೆವರು ಜಾಸ್ತಿ ಹರಿದಾಗ ಬರುತ್ತೆ. ಅದಕ್ಕೆ ನಾನು ಮಾಡಿದ ಹಾಗೆ ಎಳೆದು ಹಿಡಿಯೋದೇ ಮೊದಲ ಮದ್ದು. ಜಗ್ಗಬಾರದು, ಮೇಲೆ ಗುದ್ದಬಾರದು.

ಇನ್ನೊಂದು, ಆಡಿದ ಮಾರನೇ ದಿನ, ಅದರ ಮಾರನೇ ದಿನ ಮೆಟ್ಟಿಲು ಇಳಿಯೋಕಾಗದ ಹಾಗೆ ಬರೋ ಮೈಕೈ ನೋವು. ಅಭ್ಯಾಸ ಇಲ್ಲದ ಓಟ ಓಡಿದಾಗ ಸ್ನಾಯುವಿನ ಎಳೆಗಳಲ್ಲಿ ಆಗೋ ಸಣ್ಣ ಸಣ್ಣ ಪೆಟ್ಟು ಅದು. "ಲ್ಯಾಕ್ಟಿಕ್ ಆಸಿಡ್ ಕೂತಿದೆ, ತಿಕ್ಕಿ ತೆಗೀಬೇಕು" ಅಂತಾರಲ್ಲ, ಅದು ನಿಜ ಅಲ್ಲ. ಆಟ ನಿಲ್ಲಿಸಿದ ಒಂದೆರಡು ಗಂಟೇಲಿ ಅದು ತಾನೇ ಹೋಗಿರುತ್ತೆ. ಈ ನೋವಿಗೆ ಕೆರೆ ಹತ್ರ ನಿಧಾನವಾಗಿ ಒಂದು ನಡಿಗೆ, ಬೆಚ್ಚಗಿನ ನೀರಿನ ಸ್ನಾನ, ಹಗುರವಾಗಿ ಎಣ್ಣೆ ನೀವೋದು, ಚೆನ್ನಾಗಿ ನಿದ್ದೆ. ಮೂರ್ನಾಲ್ಕು ದಿನಕ್ಕೆ ಇಳಿಯುತ್ತೆ. ನೋವಿನ ಮುಲಾಮು ಹಚ್ಚಿದ್ರೆ ಚುರುಚುರು ಅಂತ ಹಾಯ್ ಅನಿಸುತ್ತೆ, ಬೇಡ ಅನ್ನಲ್ಲ. ಆದ್ರೆ ಸ್ನಾಯು ಕೂಡೋದು ಮುಲಾಮಿಂದ ಅಲ್ಲ, ಬಿಡುವಿಂದ. ಗ್ರೌಂಡಿಗೆ ಹೋಗೋ ಮುಂಚೆ ನೋವಿನ ಮಾತ್ರೆ ನುಂಗಿಸೋದಂತೂ ಬೇಡವೇ ಬೇಡ. ನೋವು ಮರೆಯಾಗುತ್ತೆ, ಪೆಟ್ಟು ದೊಡ್ಡದಾಗುತ್ತೆ.

ಮೂರನೇದು ನಾನು ಕಲಿತಿದ್ದು ತಪ್ಪು ಮಾಡಿ. ನಮ್ಮ ಮಗ ಕಾಲೇಜಲ್ಲಿದ್ದಾಗ ಕ್ರಿಕೆಟ್ ಆಡೋವಾಗ ಮೀನಖಂಡದಲ್ಲಿ ಟಪ್ ಅಂದಂಗಾಯ್ತಂತೆ, ಹಿಂದಿಂದ ಯಾರೋ ಕಲ್ಲು ಹೊಡೆದ ಹಾಗೆ. ನಾನು ನರ ಹಿಡ್ಕೊಂಡಿದೆ ಅಂದ್ಕೊಂಡು ಎಳ್ಳೆಣ್ಣೆ ಬಿಸಿ ಮಾಡಿ ಅರ್ಧ ಗಂಟೆ ಉಜ್ಜಿದೆ. ಬೆಳಿಗ್ಗೆ ನೋಡಿದ್ರೆ ಕಾಲು ಊದಿ ನೀಲಿಗಟ್ಟಿತ್ತು. ಸ್ನಾಯು ಹರಿದಿತ್ತು! ಹಾಗಾದಾಗ ಮೊದಲ ಎರಡು ಮೂರು ದಿನ ಬಿಸಿ ಶಾಖ, ಉಜ್ಜೋದು ಎರಡೂ ಕೂಡದು. ಐಸನ್ನ ಬಟ್ಟೇಲಿ ಸುತ್ತಿ ಹದಿನೈದು ನಿಮಿಷ ಇಟ್ಟು, ಕಾಲು ಎತ್ತರದಲ್ಲಿಟ್ಟು, ಡಾಕ್ಟ್ರಿಗೆ ತೋರಿಸ್ಬೇಕು. ನನ್ನ ಕೈಗುಣದಿಂದ ಪಾಪ ಆ ಮಗು ಇನ್ನಷ್ಟು ನರಳಿತು.

ಈಗ ನಾದಿನಿ ಮಗಳ ವಿಷಯ. ಮುಲಾಮು ಹುಡುಕೋ ಬದಲು ಕ್ಯಾಲೆಂಡರ್ ತಗೊಂಡು ಕೂತೆ. ಶಾಲೆ ಇದ್ದಾಗ ವಾರಕ್ಕೆ ಮೂರು ಸಲ ಆಡ್ತಿದ್ದವಳು, ರಜೆ ಬಂದ ಮೊದಲ ವಾರದಿಂದಲೇ ಬೆಳಿಗ್ಗೆ ಸಂಜೆ ಸೇರಿ ಹನ್ನೊಂದು ಸಲ! ಒಂದು ಪೂರ್ತಿ ದಿನ ಬಿಡುವಿಲ್ಲ. ಬೆಳಿಗ್ಗೆ ಒಂದು ಲೋಟ ಹಾಲು ಕುಡಿದು ಹೋಗಿ ಒಂಬತ್ತೂವರೆಗೆ ತಿಂಡಿ. ತಗೊಂಡು ಹೋದ ನೀರಿನ ಬಾಟ್ಲಿ ಅರ್ಧ ಹಾಗೇ ವಾಪಸ್. ಗ್ರೌಂಡಲ್ಲಿ ಹೋಗೋಕೆ ಸರಿಯಾದ ಟಾಯ್ಲೆಟ್ ಇಲ್ಲ ಅಂತ ಕುಡಿಯಲ್ಲವಂತೆ. ಇದನ್ನ ಕೇಳಿ ಹೊಟ್ಟೆ ಉರೀತು. ಹೆಣ್ಣುಮಕ್ಕಳ ಕಾಲು ಯಾಕೆ ಹಿಡ್ಕೊಳುತ್ತೆ ಅಂದ್ರೆ ಇದೂ ಒಂದು ಕಾರಣ ಕಣ್ರೀ.

ಮಾರನೇ ದಿನ ನಾನೇ ಹೋಗಿ ಕೋಚ್ ಹತ್ರ ಮಾತಾಡ್ದೆ. ಮೊದಲು "ನೋವು ತಿಂದ್ರೇನೇ ಗಟ್ಟಿಯಾಗೋದು ಮೇಡಂ" ಅಂದ್ರು. ಸೀದಾ ಕ್ಯಾಲೆಂಡರ್ ತೋರಿಸ್ದೆ. ಗುರುವಾರ ಪೂರ್ತಿ ರಜೆ, ಎರಡು ಸಂಜೆ ಬರೀ ಹಗುರ ಆಟ ಅಂತ ಒಪ್ಕೊಂಡ್ರು. ಟಾಯ್ಲೆಟ್ ಬಗ್ಗೆ ಬೇರೆ ಅಮ್ಮಂದಿರ್ನೂ ಸೇರಿಸ್ಕೊಂಡು ಕೇಳೋದಿದೆ.

ಮನೇಲಿ ಮಾಡಿದ್ದು ಇಷ್ಟೇ. ಹೊರಡೋ ಮುಂಚೆ ಬಾಳೆಹಣ್ಣು ಇಲ್ಲಾ ಎರಡು ಸ್ಲೈಸ್ ಬ್ರೆಡ್. ಬಂದ ತಕ್ಷಣ ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ. ಆಮೇಲೆ ಮೊಟ್ಟೆ ಇಲ್ಲಾ ಕಾಳು ಉಸಲಿ. ಬಾಳೆಹಣ್ಣು ತಿಂದ ತಕ್ಷಣ ಸೆಳೆತ ನಿಲ್ಲುತ್ತೆ ಅಂತ ಅಲ್ಲ, ಅದರ ಸಾರ ಮೈಗೆ ಸೇರೋಕೆ ಹೊತ್ತಾಗುತ್ತೆ. ಹೊಟ್ಟೆ ಖಾಲಿ ಇರ್ಬಾರ್ದು ಅಂತ. ರಾತ್ರಿ ಮಲಗೋ ಮುಂಚೆ ಗೋಡೆಗೆ ಕೈ ಕೊಟ್ಟು, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು, ಹಿಂದಿನ ಕಾಲಿನ ಹಿಮ್ಮಡಿ ನೆಲಕ್ಕೆ ಒತ್ತಿ ಅರ್ಧ ನಿಮಿಷ. ಆಮೇಲೆ ಅದೇ ಮಂಡಿ ಸ್ವಲ್ಪ ಬಗ್ಗಿಸಿ ಅರ್ಧ ನಿಮಿಷ. ಎರಡು ಕಾಲಿಗೂ ಮೂರು ಮೂರು ಸಲ. ನಮ್ಮ ವಯಸ್ಸಿನಲ್ಲಿ ರಾತ್ರಿ ಕಾಲು ಹಿಡ್ಕೊಳೋರಿಗೂ ಇದು ಒಳ್ಳೇದು. ಈಗ ನಾವಿಬ್ಬರೂ ಹಾಲಲ್ಲಿ ಒಟ್ಟಿಗೆ ಗೋಡೆ ತಳ್ತೀವಿ, ನಮ್ಮನೆಯವರು ಟಿವಿ ಬಿಟ್ಟು ನಮ್ಮನ್ನೇ ನೋಡ್ತಾರೆ.

ಕೆಲವಕ್ಕೆ ಮಾತ್ರ ಮನೆಮದ್ದು ಬೇಡ. ಒಂದೇ ಕಾಲು ಊದಿ ಬಿಸಿಯಾಗಿ ಕೆಂಪಾದ್ರೆ, ಮೊಣಕಾಲಿನ ಕೆಳಗೆ ಮುಂದಿನ ಮೂಳೆ ಮೇಲೆ ಒಂದೇ ಕಡೆ ಮುಟ್ಟಿದ್ರೆ ಜೀವ ಹೋಗೋ ನೋವಿದ್ರೆ, ಮೂತ್ರ ಕೋಲಾ ಬಣ್ಣಕ್ಕೆ ಬಂದ್ರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಆಡೋ ಹುಡುಗಿಗೆ ಮೂರು ತಿಂಗಳು ಮುಟ್ಟು ನಿಂತ್ರೆ, ಸದಾ ಸುಸ್ತು ಅಂದ್ರೂ ಡಾಕ್ಟ್ರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ಇದನ್ನ ಮಕ್ಕಳು ಕೋಚ್ ಹತ್ರ ಹೇಳಲ್ಲ, ನಾವೇ ಕೇಳ್ಬೇಕು.

ನಾದಿನಿ ಇನ್ನೂ ಪೂರ್ತಿ ಒಪ್ಪಿಲ್ಲ. "ಶಾಲೆ ಶುರು ಆಗೋವರೆಗೂ ನೋಡೋಣ ಅತ್ತಿಗೆ" ಅಂದಿದ್ದಾರೆ. ಸದ್ಯಕ್ಕೆ ಅಷ್ಟು ಸಾಕು. ಇವತ್ತು ಗುರುವಾರ. ಹುಡುಗಿ ಎಂಟು ಗಂಟೆ ಆದ್ರೂ ಮಲಗಿದ್ದಾಳೆ, ನಾನು ಎಬ್ಬಿಸಿಲ್ಲ.