ಒತ್ತು ಎಲ್ಲಿ ಬೀಳಬೇಕು?

ಇಂಗ್ಲಿಷ್ ಪದದ ಒತ್ತು ತಪ್ಪಿದರೆ ನಗುವವರು ನಮ್ಮ ತರಗತಿಗಳಲ್ಲಿ ಇನ್ನೂ ಇದ್ದಾರೆ. 'ಕಾಂಟ್ರವರ್ಸಿ'ಯ ಒತ್ತು ಎಲ್ಲೆಂಬುದರಲ್ಲಿ ಬ್ರಿಟಿಷರಿಗೇ ಒಮ್ಮತವಿಲ್ಲ. ಡೇನಿಯಲ್ ಜೋನ್ಸ್ 1917ರ ಉಚ್ಚಾರಣಾ ಕೋಶಕ್ಕೆ ಆಧಾರವಾಗಿಸಿಕೊಂಡದ್ದು ಇಂಗ್ಲೆಂಡಿನ ಪಬ್ಲಿಕ್ ಸ್ಕೂಲುಗಳಲ್ಲಿ ಓದಿದವರ ಮಾತು. ಒಂದು ವರ್ಗದ ಆ ಮಾತನ್ನೇ ನಾವು ಶುದ್ಧತೆಯ ಅಳತೆಗೋಲು ಮಾಡಿಕೊಂಡೆವು.

ಹಾಗೆಂದು ಒತ್ತೇ ಬೇಡ ಎನ್ನುತ್ತಿಲ್ಲ. 'ಐ ಕೇಮ್ ಯೆಸ್ಟರ್‌ಡೇ' ಎನ್ನುವಾಗ 'ಐ' ಒತ್ತಿದರೆ 'ನಿನ್ನೆ ಬಂದದ್ದು ನಾನು'. 'ಯೆಸ್ಟರ್‌ಡೇ' ಒತ್ತಿದರೆ 'ನಾನು ಬಂದದ್ದು ನಿನ್ನೆ'. ಕನ್ನಡ ಪದಗಳನ್ನು ಸರಿಸಿ ಹೇಳುವುದನ್ನು ಇಂಗ್ಲಿಷ್ ದನಿಯಲ್ಲೇ ಹೇಳುತ್ತದೆ. ಅಂತರರಾಷ್ಟ್ರೀಯ ಸಂವಹನಕ್ಕೆ ಅಗತ್ಯವೆಂದು ಜೆನಿಫರ್ ಜೆಂಕಿನ್ಸ್ 2000ದಲ್ಲಿ ಉಳಿಸಿಕೊಂಡದ್ದು ಈ ವಾಕ್ಯದ ಒತ್ತನ್ನು, ಪದದ ಒತ್ತನ್ನಲ್ಲ. ನಮ್ಮ ಪ್ರಶ್ನೆಪತ್ರಿಕೆ ಮಾತ್ರ ಬಿಡಿಪದಗಳಿಗೇ ಗೆರೆ ಹಾಕಿಸುತ್ತದೆ. ಅರ್ಥದ ಒತ್ತನ್ನು ಬಿಟ್ಟು ಅಂತಸ್ತಿನ ಒತ್ತನ್ನು ಕಲಿಸುವುದು ಪಾಠವಲ್ಲ, ಜರಡಿ.