ಮಳೆಗಾಲ ನೋಡದ ವರದಿ ನಮಗೆ ಬೇಡ

ಆಷಾಢದಲ್ಲಿ ಒಂದು ದಿನ ಉತ್ತರ ಕನ್ನಡ ಜಿಲ್ಲೆಯ ಅಂಕೋಲೆ ಬಳಿಯ ಮಂಜಗುಣಿಯ ಅಳಿವೆಯಲ್ಲಿ ನಿಂತು ನೋಡಿ. ಧಾರವಾಡದ ಕಡೆಯಿಂದ ಬೇಡ್ತಿಯಾಗಿ ಹೊರಟು ಘಟ್ಟ ಇಳಿದ ಗಂಗಾವಳಿ ಕೆಂಪು ನೀರು ಹೊತ್ತು ಬರುತ್ತದೆ. ಎದುರಿನಿಂದ ಕಡಲು ನುಗ್ಗುತ್ತದೆ. ಬೆಳಿಗ್ಗೆ ಕಂಡ ಮರಳದಿಬ್ಬ ಸಂಜೆಗೆ ಅಲ್ಲಿರುವುದಿಲ್ಲ. ಈ ಕರಾವಳಿಯ ಹಣೆಬರಹ ಬರೆಯುವುದು ಮಳೆಗಾಲದ ಆ ನಾಲ್ಕು ತಿಂಗಳು.

ಆದರೆ ಮಳೆಗಾಲ ಬಿಟ್ಟು, ಒಂದೇ ಋತುವಿನ ಮೂರು ತಿಂಗಳ ಅಳತೆ ಹಿಡಿದು ಪರಿಸರ ಪರಿಣಾಮದ ವರದಿ ಬರೆಯುವ ರೂಢಿ ಈ ದೇಶದಲ್ಲಿ ಬೇರೂರಿದೆ. ಉತ್ತರಕ್ಕೆ ತುಸು ದೂರದ ಕೇಣಿಯಲ್ಲಿ ಜೆಎಸ್‌ಡಬ್ಲ್ಯು ಕಂಪನಿ ನಾಲ್ಕು ಸಾವಿರ ಕೋಟಿ ರೂಪಾಯಿಗೂ ಮೀರಿದ ಬಂದರು ಕಟ್ಟಲು ಹೊರಟಿದೆ. ವರ್ಷಕ್ಕೆ 3 ಕೋಟಿ ಟನ್ ಸರಕು ಸಾಗಿಸುವ ಬಂದರಿಗೂ ಇದೇ ರೂಢಿ ಸಾಕು ಎನ್ನುವವರಿಗೆ ನನ್ನದೊಂದೇ ಪ್ರಶ್ನೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯಕೂಡದು ಎಂದು ಪ್ರತಿ ವರ್ಷ ಆದೇಶ ಹೊರಡಿಸುವವರು ಯಾರು? ಸರ್ಕಾರವೇ. ಕಾರಣ? ಅದು ಮೀನು ಮರಿಮಾಡುವ ಕಾಲ. ಮೀನುಗಾರನ ಒಲೆ ಆರಿಸುವಾಗ ಮಳೆಗಾಲ ಅಷ್ಟು ಮುಖ್ಯ. ಬಂದರಿಗಾಗಿ ಕಡಲತಳ ಬಗೆಯುವಾಗ ಮಾತ್ರ ಅದು ಲೆಕ್ಕಕ್ಕಿಲ್ಲವೇ?

ಅಲೆ ತಡೆಯಲು ಕಡಲಿಗೆ ಕಲ್ಲಿನ ಗೋಡೆ ಇಳಿಸಿದರೆ ಮರಳಿನ ಹರಿವು ತುಂಡಾಗುತ್ತದೆ. ಒಂದು ಬದಿಯಲ್ಲಿ ಮರಳು ಒಟ್ಟಾಗುತ್ತದೆ, ಇನ್ನೊಂದು ಬದಿಯ ದಂಡೆಯನ್ನು ಕಡಲು ತಿನ್ನುತ್ತದೆ. ಉಳ್ಳಾಲದವರನ್ನು ಕೇಳಿ, ಮನೆ ತೋಟ ಕಳೆದುಕೊಂಡವರು ಹೇಳುತ್ತಾರೆ. ಅಲ್ಲಿ ವರ್ಷ ವರ್ಷ ಕಡಲಿಗೆ ಕಲ್ಲು ಸುರಿದದ್ದೇ ಬಂತು. ನಾಳೆ ಕೇಣಿಯ ಗೋಡೆಯಿಂದಾಗಿ ಮಂಜಗುಣಿಯ ಅಳಿವೆ ಹೂಳು ತುಂಬಿ ಮುಚ್ಚಿಕೊಂಡರೆ ನೆರೆಯ ನೀರು ಎಲ್ಲಿಗೆ ಹೋಗಬೇಕು? ಗಜನಿ ಗದ್ದೆಗಳಿಗೆ, ಮನೆಗಳಿಗೆ. 2019ರ ಆಗಸ್ಟ್‌ನಲ್ಲಿ ಗಂಗಾವಳಿ ಹೇಗೆ ಏರಿ ಬಂತೆಂದು ದಂಡೆಯ ಊರುಗಳು ಮರೆತಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಗೆಂದು ಕಡಿದ ಗುಡ್ಡ ಜನರ ಸಮೇತ ಇದೇ ನದಿಗೆ ಕುಸಿಯಿತು. ಅದೂ ಮಳೆಗಾಲದಲ್ಲೇ.

ವರದಿ ಬರೆಸುವುದು ಯಾರು? ಯೋಜನೆ ತರುವ ಕಂಪನಿ ತಾನೇ ಹಣ ಕೊಟ್ಟು ಬರೆಸುತ್ತದೆ. ಯಾವ ಭಾಷೆಯಲ್ಲಿ? ಪೂರ್ತಿ ವರದಿ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಸಾರಾಂಶ ಮಾತ್ರ. ಪರಿಸರ ಪರಿಣಾಮ ಕುರಿತ 2006ರ ಅಧಿಸೂಚನೆ ಕೇಳುವುದೇ ಅಷ್ಟು. 2020ರಲ್ಲಿ ಆ ಅಧಿಸೂಚನೆಯ ಹೊಸ ಕರಡನ್ನು 22 ಭಾಷೆಗಳಲ್ಲಿ ಕೊಡಿ ಎಂದು ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ರಂಪಣಿ ಬಲೆ ಎಳೆಯುವವನಿಗೆ, ಬಳಚು ಹೆಕ್ಕುವ ಹೆಂಗಸಿಗೆ ಓದಲಾಗದ ವರದಿ ಇಟ್ಟುಕೊಂಡು ಅಹವಾಲು ಕೇಳುವುದು ಅವಮಾನ. 2025ರ ಆಗಸ್ಟ್‌ನಲ್ಲಿ ಅಂಕೋಲೆಯಲ್ಲಿ ನಡೆದ ಕೇಣಿ ಬಂದರಿನ ಅಹವಾಲು ಸಭೆಗೆ ಬಂದ ಜನ ಬೇಡವೆಂದು ಕೂಗಿದ್ದನ್ನು ಗಲಾಟೆ ಎಂದು ಬರೆದುಕೊಳ್ಳಬೇಡಿ. 1930ರಲ್ಲಿ ಇದೇ ತಾಲ್ಲೂಕಿನವರು ಉಪ್ಪಿನ ಕಾನೂನು ಮುರಿದಾಗಲೂ ಆಳುವವರು ಹಾಗೇ ಬರೆದುಕೊಂಡಿದ್ದರು.

ಈ ಜಿಲ್ಲೆ ಎಷ್ಟು ಸಲ ಕೊಡಬೇಕು? ಕಾಳಿ ನದಿಗೆ ಅಣೆಕಟ್ಟುಗಳ ಸಾಲು ಬಂತು, ಕೈಗಾ ಅಣುಸ್ಥಾವರ ಬಂತು. ಸೀಬರ್ಡ್ ನೌಕಾನೆಲೆಗಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಕಡಲು ಬಿಟ್ಟು ಎದ್ದವು, ಪರಿಹಾರಕ್ಕೆ ದಶಕಗಟ್ಟಲೆ ಕೋರ್ಟು ಅಲೆದವು. ಇಷ್ಟೆಲ್ಲ ಕೊಟ್ಟ ಮೇಲೆ ನಮಗೂ ಒಂದು ಸುಸಜ್ಜಿತ ಆಸ್ಪತ್ರೆ ಕೊಡಿ ಎಂದು ಜನ ಬೀದಿಗಿಳಿದು ಕೂಗಿದ್ದಾರೆ. ಇಂದಿಗೂ ರೋಗಿಯನ್ನು ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಒಯ್ಯಬೇಕು. ದಾರಿಯಲ್ಲೇ ಜೀವ ಹೋದವರ ಮನೆಗಳು ನಮ್ಮ ಊರೂರಲ್ಲಿವೆ.

ನಿಗಾ ಇಡುತ್ತೇವೆ, ಷರತ್ತು ಹಾಕುತ್ತೇವೆ ಎನ್ನುತ್ತಾರೆ. ಬೇಲೆಕೇರಿಯಲ್ಲಿ 2010ರಲ್ಲಿ ಜಪ್ತಿ ಮಾಡಿಟ್ಟ ಕಬ್ಬಿಣದ ಅದಿರಿನ ಗುಡ್ಡೆಗಳನ್ನೇ ಕಾಯಲಾಗದ ಆಡಳಿತ ಕಡಲತಳದ ಮೀನಿನ ಮೊಟ್ಟೆ ಕಾಯುತ್ತದೆಂದು ನಾನು ನಂಬುವುದಿಲ್ಲ.

ಅಳೆಯುವುದಾದರೆ ಜೂನ್‌ನಲ್ಲಿ ಬನ್ನಿ. ಸೆಪ್ಟೆಂಬರ್ ಮುಗಿಯುವ ತನಕ ಇಲ್ಲೇ ಇದ್ದು ಅಳಿವೆ ನೋಡಿ, ಹೂಳು ಅಳೆಯಿರಿ, ಏನೇನು ಮೀನು ಒಳಗೆ ಹತ್ತುತ್ತದೆಂದು ನಾಡದೋಣಿಯವರನ್ನು ಕೇಳಿ. ಕಂಡದ್ದಷ್ಟನ್ನೂ ಕನ್ನಡದಲ್ಲಿ ಬರೆದು ತಂದು ಮಂಜಗುಣಿಯಲ್ಲೇ ಓದಿ ಹೇಳಿ. ಅಲ್ಲಿಯವರೆಗೆ ಕೇಣಿಯ ಕಡಲಿಗೆ ಒಂದು ಕಲ್ಲೂ ಬೀಳಕೂಡದು.